ಅಂಗಳದ ಹಲಸಿಗೆ 29 ಲಕ್ಷ 80 ಸಾವಿರ: ಮರಗಳ ಮೌಲ್ಯಮಾಪನ ಸೇವೆಯೊಂದರ ವಿಮರ್ಶೆ

ಮುಂಬೈಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ ಕಟ್ಟಡ, ಹಳೆಯದನ್ನು ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಲಿದೆ. ಅಂಗಳದಲ್ಲಿರುವ 11 ಮರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಬಿಲ್ಡರರೊಡನೆ ಮಾತಿಗೆ ಕೂರುವ ಮೊದಲು ಅವುಗಳ ಬೆಲೆ ನಮಗೇ ತಿಳಿದಿರಲಿ ಎಂದು, ಇಂಥ ಮೌಲ್ಯಮಾಪನ ಮಾಡಿಕೊಡುವ ಸಂಸ್ಥೆಯೊಂದಕ್ಕೆ ಕೆಲಸ ಒಪ್ಪಿಸಿದೆವು. ಶುಲ್ಕ 22 ಸಾವಿರ ರೂಪಾಯಿ, ಅರ್ಧ ಮುಂಗಡ. ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ಮೂವತ್ತು ವರ್ಷ ಕುಳಿತು ಎದ್ದವನಾದ್ದರಿಂದ ವರದಿಯನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಸ್ಥಳದಲ್ಲಿ ನಡೆದ ಕೆಲಸದ ಬಗ್ಗೆ ದೂರಿಲ್ಲ. ಬಂದ ಇಬ್ಬರು ಯುವಕರು ಪ್ರತಿ ಮರದ ಕಾಂಡಕ್ಕೂ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಅಳತೆ ತೆಗೆದರು. ಮಳೆಮರದ ಕೊಂಬೆಗಳಲ್ಲಿ ಬಿಳಿ ಹಿಟ್ಟುತಿಗಣೆ ಹತ್ತಿರುವುದನ್ನು ಗುರುತಿಸಿ ಬರೆದುಕೊಂಡರು. ಹಲಸಿನ ಮರಕ್ಕೆ 40 ವರ್ಷವೆಂದು ಅವರು ಅಂದಾಜಿಸಿದ್ದು, ಕಾರ್ಕಳದಿಂದ ಬೀಜ ತಂದು ಅದನ್ನು ಬೆಳೆಸಿದ ನಮ್ಮ ಹಿರಿಯ ಸದಸ್ಯರ ನೆನಪಿಗೂ ಸರಿಯಾಗಿ ಹೊಂದಿತು.

ತೊಂದರೆ ಇರುವುದು ವರದಿಯಲ್ಲಿ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರ ಕಡಿಯುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯು ಒಂದು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿಯಂತೆ ಅದರ ವಯಸ್ಸಿನಿಂದ ಗುಣಿಸಬೇಕೆಂದು ಹೇಳಿತ್ತು. ಇದು 2021ರ ಮಾತು. ನಮ್ಮ ವರದಿ ಆ ಸೂತ್ರವನ್ನೇ ಎತ್ತಿಕೊಂಡು, 11 ಮರಗಳ ಒಟ್ಟು ವಯಸ್ಸು 312 ವರ್ಷಕ್ಕೆ 2 ಕೋಟಿ 32 ಲಕ್ಷ 44 ಸಾವಿರ ರೂಪಾಯಿ ಎಂದು ಬರೆದಿದೆ; 40 ವರ್ಷದ ಹಲಸೊಂದಕ್ಕೇ 29 ಲಕ್ಷ 80 ಸಾವಿರ. ಗುಣಾಕಾರ ಸರಿಯಾಗಿದೆ. ಆದರೆ ವಯಸ್ಸಿನಿಂದ ಗುಣಿಸಿದರೆ ಸಿಗುವುದು ಮರ ಈವರೆಗೆ ಕೊಟ್ಟು ಮುಗಿಸಿದ್ದರ ಲೆಕ್ಕ. ಕಡಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೆ ಬೇಕಾದದ್ದು ಅದು ಇನ್ನು ಮುಂದೆ ಕೊಡಲಿರುವುದರ ಇಂದಿನ ಬೆಲೆ. ಈ ಸೂತ್ರದ ಪ್ರಕಾರ ರೋಗ ಹತ್ತಿ ಒಣಗುತ್ತಿರುವ ನಮ್ಮ ಮಳೆಮರವೇ ಎಲ್ಲಕ್ಕಿಂತ ದುಬಾರಿ, ಹೋದ ವರ್ಷ ನೆಟ್ಟ ಹೊಂಗೆ ಎಲ್ಲಕ್ಕಿಂತ ಅಗ್ಗ. ತೀರಿಹೋದ ಕಂತುಗಳನ್ನು ಬಾಕಿ ಎಂದು ತೋರಿಸಿದ ಗುಮಾಸ್ತನನ್ನು ನಮ್ಮ ಕಾಲದಲ್ಲಿ ಮ್ಯಾನೇಜರರು ಸುಮ್ಮನೆ ಬಿಡುತ್ತಿರಲಿಲ್ಲ.

ಇನ್ನೊಂದು ಆಕ್ಷೇಪವಿದೆ. ಆ 74,500ರಲ್ಲಿ 45,000 ರೂಪಾಯಿ ಬರಿಯ ಆಮ್ಲಜನಕದ್ದು. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿದೆ. ಮುಲುಂಡಿನ ಹಲಸು ಹೋದರೆ ಯಾರಿಗೂ ಉಸಿರು ಕಡಿಮೆಯಾಗುವುದಿಲ್ಲ. ಮೇ ತಿಂಗಳ ನೆರಳು, ಎಲೆಗಳ ಮೇಲೆ ತಡೆದು ನಿಧಾನವಾಗಿ ಇಳಿಯುವ ಮಳೆನೀರು ಮಾತ್ರ ಹೊರಗಿನಿಂದ ತರಿಸಲಾಗದ ಸಂಗತಿಗಳು. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರಿನಲ್ಲಿ, ನೀರು ಇಂಗುವ ಮಣ್ಣಿನ ಬಗ್ಗೆ ವರದಿಯಲ್ಲಿರುವುದು ಎರಡೇ ಸಾಲು. ಹನ್ನೊಂದು ಮರಗಳು ಅಂಥ ಮಳೆಯನ್ನು ತಡೆಯುತ್ತವೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿದರೆ ಎಷ್ಟು ನೀರು ಗಟಾರಕ್ಕೆ ಸೇರುತ್ತದೆ ಎಂಬುದು ಲೆಕ್ಕಕ್ಕೆ ಸಿಗುವ ವಿಷಯವೇ ಆಗಿತ್ತು.

ಅಂಕಿಗಳನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸವೂ ಅವರಿಗಿಲ್ಲ. ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಟ್ಟುಕೊಡುವಾಗ ವಸೂಲು ಮಾಡುವ ನಿವ್ವಳ ಪ್ರಸ್ತುತ ಮೌಲ್ಯ (ಕಾಡು ಮುಂದೆ ಕೊಡಲಿರುವ ಪ್ರಯೋಜನಗಳ ಇಂದಿನ ಬೆಲೆ) ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿತು; ಆ ದರ ಆಮೇಲೆ ಏರಿದೆ. ಆ ಹಳೆಯ ದರದಲ್ಲಿ ನಮ್ಮ ಒಂದು ಹಲಸು ಎರಡೂವರೆ ಹೆಕ್ಟೇರ್ ದಟ್ಟ ಕಾಡಿಗಿಂತ ಹೆಚ್ಚು ಬೆಲೆಯದಾಗುತ್ತದೆ. ಎರಡರಲ್ಲಿ ಒಂದಾದರೂ ತಪ್ಪಿರಲೇಬೇಕು, ಬಹುಶಃ ಎರಡೂ.

ನನಗೆ ಬೇಸರವಾದದ್ದು ಕೊನೆಯ ಪುಟದ ಕೋಷ್ಟಕ ನೋಡಿ. ಅಲ್ಲಿ ‘ಸಾಂಸ್ಕೃತಿಕ ಪ್ರಯೋಜನ’ ಎಂಬ ಕಲಮಿನ ಎದುರು ಸೊನ್ನೆ ಇದೆ. ಕೃಷ್ಣಾಷ್ಟಮಿಯ ಹಿಂದಿನ ದಿನ ನಮ್ಮ ಕಟ್ಟಡದ ಹೆಂಗಸರು ಇದೇ ಹಲಸಿನ ಎಲೆಗಳನ್ನು ಕೊಯ್ದು, ನಾಲ್ಕು ನಾಲ್ಕು ಎಲೆ ಜೋಡಿಸಿ ಕಡ್ಡಿ ಚುಚ್ಚಿ ಕಡುಬಿಗೆ ಕೊಟ್ಟೆ ಕಟ್ಟುತ್ತಾರೆ. ಮರವಿಲ್ಲದವರು ಅದೇ ಕೊಟ್ಟೆಯನ್ನು ಮಾಟುಂಗಾ ಮಾರ್ಕೆಟಿನಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಇಡೀ ವರದಿಯಲ್ಲಿ ಪೇಟೆಯ ನಿಜವಾದ ಬೆಲೆ ಸಿಗುವ ಪ್ರಯೋಜನವೆಂದರೆ ಬಹುಮಟ್ಟಿಗೆ ಇದೊಂದೇ. ಅಂಗಳಕ್ಕೆ ಬಂದ ಯುವಕರು ಯಾರನ್ನಾದರೂ ಕೇಳಿದ್ದರೆ ಸಾಕಿತ್ತು.

ಇಷ್ಟಾದರೂ ಸೇವೆಯನ್ನು ಪೂರ್ತಿ ತಳ್ಳಿಹಾಕಲಾರೆ. 2 ಕೋಟಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ, ಮರಗಳ ವಿಷಯ ಬಂದಾಗಲೆಲ್ಲ ಫೋನು ನೋಡುತ್ತಿದ್ದ ಸದಸ್ಯರು ಮೊದಲ ಸಲ ನಕ್ಷೆಯನ್ನು ಬಿಡಿಸಿ, ಪಾರ್ಕಿಂಗನ್ನು ಹಲಸಿನಿಂದ ಆಚೆ ಸರಿಸಬಹುದೇ ಎಂದು ಕೇಳಿದರು. ಅಳತೆಗಳ ಪಟ್ಟಿ ಪಾಲಿಕೆಯ ವೃಕ್ಷ ಪ್ರಾಧಿಕಾರಕ್ಕೆ ಅರ್ಜಿ ಹಾಕುವಾಗಲೂ ಉಪಯೋಗಕ್ಕೆ ಬರುತ್ತದೆ. ಅಳತೆಗಾಗಿ ಇವರನ್ನು ಕರೆಸಬಹುದು. ಬೆಲೆ ಕಟ್ಟಿಸುವುದಾದರೆ, ಆಮ್ಲಜನಕವನ್ನು ಬಿಟ್ಟು ನೆರಳು, ನೀರು, ಎಲೆ, ಹಣ್ಣುಗಳನ್ನು ಮುಂದಿನ ವರ್ಷಗಳಿಗೆ ಲೆಕ್ಕ ಹಾಕಿಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ, ಉಳಿದ 11 ಸಾವಿರವನ್ನು ತಿದ್ದಿದ ವರದಿ ಬರುವವರೆಗೆ ತಡೆಹಿಡಿದಿದ್ದೇವೆ.