ಗುಲಾಬಿ ಸೊಂಪಾಗಿ ಬೆಳೀತಿದೆ ಅಂತ ಬೀಗುವ ಮೊದಲು ಬುಡ ನೋಡಿ

ಬಾಲ್ಕನಿಗೊಂದು ಬಿಳಿ ಗುಲಾಬಿ ಬೇಕು ಅಂತ ಕಳೆದ ಜೂನ್‌ನಲ್ಲಿ ತಳ್ಳುಗಾಡಿಯವನ ಹತ್ತಿರ ಐಸ್‌ಬರ್ಗ್ ಗಿಡ ಕೊಂಡೆ. 1958ರಲ್ಲಿ ಜರ್ಮನಿಯ ಕೋರ್ಡೆಸ್ ನರ್ಸರಿಯವರು ಹೊರತಂದ ಹಳೇ ತಳಿ. ಮುಳ್ಳು ಕಡಿಮೆ, ಹೂ ಗೊಂಚಲು ಗೊಂಚಲು. ಕುಂಡದಲ್ಲೂ ಚೆನ್ನಾಗಿ ಬರುತ್ತದೆ.

ಮೊದಲ ದಿನವೇ ತಪ್ಪು ಮಾಡಿದೆ. ಗಾಳಿಗೆ ಅಲ್ಲಾಡದಿರಲಿ ಅಂತ ಕಸಿಯ ಗಂಟನ್ನೂ ಸೇರಿಸಿ ಮೂರು ಇಂಚು ಆಳಕ್ಕೆ ಹೂತುಬಿಟ್ಟೆ. ಅದು ಕಸಿಯ ಗಂಟು ಅಂತಲೇ ಗೊತ್ತಿರಲಿಲ್ಲ. ನಾವು ಕೊಳ್ಳುವ ಗುಲಾಬಿಗಳಲ್ಲಿ ಹೆಚ್ಚಿನವು ಕಸಿ ಗಿಡಗಳೇ. ಬೇರು ಕಾಡು ಗುಲಾಬಿಯದು, ಗಂಟಿನ ಮೇಲಿನದಷ್ಟೇ ನಾವು ದುಡ್ಡು ಕೊಟ್ಟ ತಳಿ.

ಎರಡು ತಿಂಗಳಿಗೆ ಬುಡದಿಂದ ಒಂದು ಚಿಗುರು ಎದ್ದಿತು. ಅದರ ಜೋರೇನು! ನೋಡನೋಡುತ್ತ ಗ್ರಿಲ್ ದಾಟಿತು. ಖುಷಿಯಲ್ಲಿ ಇನ್ನೊಂದು ಹಿಡಿ ಬೇವಿನ ಹಿಂಡಿ ಹಾಕಿದೆ, ಫೋಟೋ ತೆಗೆದು ಅಕ್ಕನಿಗೂ ಕಳಿಸಿದೆ. ಹೂ ಮಾತ್ರ ಇಲ್ಲ. ಅತ್ತ ಹಳೇ ಕಡ್ಡಿಗಳು ತುದಿಯಿಂದ ಒಣಗುತ್ತಾ ಬಂದವು. ಮಳೆ ಜಾಸ್ತಿಯಾಯ್ತು, ಅದಕ್ಕೇ ಅಂದುಕೊಂಡು ಸುಮ್ಮನಾದೆ.

ನಮ್ಮ ಬೀದಿಯಲ್ಲಿ ತೋಟದ ಕೆಲಸ ಮಾಡುವ ಅಜ್ಜ ಒಬ್ಬರು ಬಂದು ನೋಡಿ, "ಏನಮ್ಮಾ, ಬೇಲಿ ಗಿಡಕ್ಕೆ ಇಷ್ಟೊಂದು ಗೊಬ್ಬರ ಹಾಕಿ ಸಾಕಿದ್ದೀಯಲ್ಲ!" ಅಂದರು. ಎಲೆ ತೋರಿಸಿದರು. ಐಸ್‌ಬರ್ಗ್‌ನದು ತಿಳಿ ಹಸಿರು, ಹೊಳಪು. ಇದರದು ಸಣ್ಣ, ಮಾಸಲು, ಒಂದೊಂದು ತೊಟ್ಟಿಗೂ ಏಳೇಳು ಕಿರುಎಲೆ. ಏಳಿದ್ದ ಮಾತ್ರಕ್ಕೆ ಕಾಡು ಅಂತ ಹೇಳಲಾಗದು, ಒಳ್ಳೇ ತಳಿಗಳಲ್ಲೂ ಏಳಿರುತ್ತವೆ. ಚಿಗುರು ಗಂಟಿನ ಕೆಳಗಿಂದ ಹುಟ್ಟಿದೆಯಾ, ಅದನ್ನು ನೋಡಬೇಕು. ನಾನು ಗಂಟನ್ನೇ ಹೂತಿದ್ದೆನಲ್ಲ, ಕಾಣುವುದು ಹೇಗೆ?

ಅವರು ಅತ್ತ ಹೋಗಿದ್ದೇ ತಡ, ಕತ್ತರಿ ತಂದು ಚಿಗುರನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿದೆ. ಅದು ಎರಡನೇ ತಪ್ಪು. ಒಂದಿದ್ದದ್ದು ಮೂರಾಯಿತು. ಮಣ್ಣು ಬಿಡಿಸಿ, ಚಿಗುರು ಬೇರಿಗೆ ಅಂಟಿದ ಜಾಗದಲ್ಲೇ ಹಿಡಿದು ಕಿತ್ತು ತೆಗೆಯಬೇಕಿತ್ತು. ಅದು ಗೊತ್ತಾಗುವಷ್ಟರಲ್ಲಿ ಬಿಳಿ ಹೂ ಬಿಡುವ ಕೊಂಬೆ ಒಂದೂ ಉಳಿದಿರಲಿಲ್ಲ.

ನೀವು ಕೊಳ್ಳುವಾಗ ಹೂ ಎಣಿಸಬೇಡಿ. ಕವರಿನ ಮೇಲ್ಮಣ್ಣು ಬೆರಳಲ್ಲಿ ಸರಿಸಿ ಗಂಟು ಹುಡುಕಿ. ಗಾಡಿಯವನು ಗೊಣಗುತ್ತಾನೆ, ಗೊಣಗಲಿ ಬಿಡಿ. ನೆಡುವಾಗ ಗಂಟು ಮಣ್ಣಿನಿಂದ ಒಂದೆರಡು ಇಂಚು ಮೇಲೇ ಇರಲಿ. ನೀರು ಹಾಕುವಾಗ ವಾರಕ್ಕೊಮ್ಮೆಯಾದರೂ ಬುಡದತ್ತ ಕಣ್ಣು ಹಾಯಿಸಿ, ಗಂಟಿನ ಕೆಳಗೆ ಹುಟ್ಟಿದ ಎಳೆಯ ಚಿಗುರು ಬೆರಳಿಗೇ ಕಿತ್ತು ಬರುತ್ತದೆ.

ನನ್ನ ಕುಂಡದಲ್ಲಿ ಈಗ ಅತ್ತೆ ಮೆಂತ್ಯ ಬಿತ್ತಿದ್ದಾರೆ. ಮೊನ್ನೆ ಸೊಪ್ಪಿನ ನಡುವೆ ಮತ್ತೊಂದು ಮುಳ್ಳಿನ ಚಿಗುರು ಎದ್ದಿತ್ತು.