ಕ್ಯಾಮೆರಾ ಬಾಡಿಗೆಗೆ ಕೊಡುವ ಮುಂಚೆ ಇದನ್ನೊಂದು ಸಲ ಓದಿ

ಗಂಗಾವತಿ, ಕೊಪ್ಪಳ, ಸಿಂಧನೂರು, ಹೊಸಪೇಟೆ ಕಡೆ ಸ್ಟುಡಿಯೊ ಇಟ್ಟುಕೊಂಡು, ಬಿಡುವಿದ್ದಾಗ ಕ್ಯಾಮೆರಾ ಬಾಡಿಗೆಗೆ ಕೊಡುವವರೆಲ್ಲ ದಯವಿಟ್ಟು ಓದಿ. ನನ್ನ ನಿಕಾನ್ ಝಡ್ 6 ಟು ಕ್ಯಾಮೆರಾ ಬಾಡಿ, 70-200 ಜೂಮ್ ಲೆನ್ಸ್ ಎರಡೂ ಹೋದವು. ಬೀಗ ಒಡೆದು ಯಾರೂ ಒಯ್ದಿಲ್ಲ. ಬಾಡಿಗೆಗೆ ಕೇಳಿದವನೇ ಸ್ಟುಡಿಯೊಗೆ ಬಂದು, ಚಹಾ ಕುಡಿದು, ಪುಸ್ತಕದಲ್ಲಿ ಸಹಿ ಮಾಡಿ ತಗೊಂಡು ಹೋದ. ಎರಡೂ ಸೇರಿ 3 ಲಕ್ಷಕ್ಕೂ ಜಾಸ್ತಿ. ಕಂತು ಇನ್ನೂ ಕಟ್ಟುತ್ತಿದ್ದೇನೆ.

ನಮ್ಮ ಕಸುಬು ಗೊತ್ತಲ್ವಾ. ಮುಹೂರ್ತ ಇದ್ದ ದಿನ ಊಟಕ್ಕೂ ಪುರುಸೊತ್ತಿರಲ್ಲ. ಆಷಾಢ ಬಂತೆಂದರೆ ಫೋನೇ ಬರಲ್ಲ. ಕ್ಯಾಮೆರಾ ಕಪಾಟಿನಲ್ಲಿ ಕೂತಿದೆ ಅಂತ ಬ್ಯಾಂಕಿನವರು ಕಂತು ಬಿಡುತ್ತಾರಾ? ಅದಕ್ಕೇ ಬಾಡಿಗೆಗೆ ಕೊಡುವುದು. ಮೇಲಾಗಿ ಆನೆಗೊಂದಿ, ಸಣಾಪುರ ಕೆರೆ, ಅಂಜನಾದ್ರಿ ಬೆಟ್ಟದ ಸುತ್ತ ಪ್ರೀ ವೆಡ್ಡಿಂಗ್ ಶೂಟ್‌ಗೆ ಈಗ ದೂರದೂರದಿಂದ ಬರುತ್ತಾರೆ. ಬಂಡೆ, ಗದ್ದೆ, ನೀರು, ಹರಿಗೋಲು ಎಲ್ಲಾ ಒಂದೇ ಕಡೆ ಸಿಗುತ್ತದೆ. ಲೆನ್ಸ್ ಮರೆತು ಬಂದೆ, ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಗಿಂಬಲ್ ಕೈಕೊಟ್ಟಿತು ಅಂತ ಬಾಗಿಲಿಗೆ ಬರುವವರು ಬೇಕಾದಷ್ಟು ಜನ. ಪರಊರಿನ ಮುಖ ಕಂಡರೆ ಯಾರಿಗೂ ಅನುಮಾನ ಬರಲ್ಲ.

ಅವನೂ ಹಾಗೇ ಬಂದ. "ಅಣ್ಣಾರ, ನಾವು ರಾಯಚೂರಿನವ್ರು. ಸಣಾಪುರದಾಗ ಶೂಟ್ ಐತಿ. ಒಂದು 50 ಲೆನ್ಸ್ ಸಿಗತೈತೇನ್ರಿ?" ಬಾಡಿಗೆಯನ್ನು ಮುಂಗಡವಾಗಿಯೇ ಫೋನಿನಲ್ಲಿ ಹಾಕಿದ. ಮಾರನೇ ದಿನ ಹೇಳಿದ ಹೊತ್ತಿಗಿಂತ ಮೊದಲೇ ವಾಪಸ್ ತಂದ. ಲೆನ್ಸನ್ನು ಬಟ್ಟೆಯಿಂದ ಒರೆಸಿ, ಕ್ಯಾಪ್ ಹಾಕಿ ಟೇಬಲ್ ಮೇಲಿಟ್ಟ. ನಮ್ಮವರೇ ಅಷ್ಟು ನೀಟಾಗಿ ಕೊಡಲ್ಲ ಬಿಡಿ. ಮುಂದಿನ ಸಲ ಗಿಂಬಲ್ ಒಯ್ದ, ಅದನ್ನೂ ಹಾಗೇ ತಂದುಕೊಟ್ಟ. "ಸೀಸನ್‌ನಾಗ ಎರಡನೇ ಕ್ಯಾಮೆರಾಕ್ಕ ಹುಡುಗ ಬೇಕಾದ್ರ ಹೇಳ್ರಿ, ಬರ್ತೀನಿ" ಅಂತಲೂ ಅಂದ.

ಆಮೇಲೆ ದೊಡ್ಡ ಸೆಟ್ ಕೇಳಿದ. ಅದಕ್ಕೆ ಅವನು ಹುಡುಕಿದ ದಿನ ನೋಡಿ. ಮಾರನೇ ದಿನ ಭಾರಿ ಮುಹೂರ್ತ, ನಾವೆಲ್ಲ ಬ್ಯಾಟರಿ ಚಾರ್ಜಿಗೆ ಹಾಕಿ, ಕಾರ್ಡ್ ಫಾರ್ಮ್ಯಾಟ್ ಮಾಡಿ, ಬ್ಯಾಗ್ ತುಂಬುತ್ತಿದ್ದ ಸಂಜೆ ಅದು. ಇನ್ನೆರಡು ದಿನ ಯಾರೂ ಫೋನ್ ಮಾಡಿ ವಿಚಾರಿಸಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆ, ರಿಸೆಪ್ಷನ್ ಎಲ್ಲಾ ಮುಗಿದ ಮೇಲೆ ಫೋನ್ ಹಚ್ಚಿದರೆ ಸ್ವಿಚ್ಡ್ ಆಫ್. ವಿಚಾರಿಸಿದಾಗ ಸಿಂಧನೂರಿನ ಒಬ್ಬ ಫೋಟೊಗ್ರಾಫರ್ ಹತ್ತಿರವೂ ಇದೇ ಆಟ ಆಡಿದ್ದು ತಿಳಿಯಿತು. ಅಲ್ಲೂ ಮೊದಲು ಸಣ್ಣ ಸಾಮಾನು, ಆಮೇಲೆ ದೊಡ್ಡದು. ಹೆಸರು ಮಾತ್ರ ಬೇರೆ.

ಆಧಾರ್ ಜೆರಾಕ್ಸ್ ತಗೊಂಡಿರಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ತಗೊಂಡಿದ್ದೆ, ಈಗಲೂ ಇದೆ. ಅದರ ಫೋಟೊ ನೋಡಿದರೆ ನಗು ಬರುತ್ತದೆ. ಆಧಾರ್ ಕೇಂದ್ರದ ವೆಬ್‌ಕ್ಯಾಮ್ ಮುಂದೆ ಕೂತು ಚೆಂದ ಬಂದವರನ್ನು ನಾನಂತೂ ಕಂಡಿಲ್ಲ. ಇವನದ್ದು ಎರಡೂ ಕಡೆ ಲೈಟ್ ಬಿಟ್ಟು ತೆಗೆದ ಪಾಸ್‌ಪೋರ್ಟ್ ಫೋಟೊ. ಕಿವಿಯ ಹತ್ತಿರ ಕತ್ತರಿಸಿ ಅಂಟಿಸಿದ ಗೆರೆ ಸಣ್ಣಗೆ ಕಾಣುತ್ತದೆ. ನಂಬರ್, ವಿಳಾಸ ಬೇರೆ ಯಾವುದೋ ಜಿಲ್ಲೆಯ ಒಬ್ಬ ಪಾಪದ ಮನುಷ್ಯನದು. ಪೊಲೀಸರು ಫೋನ್ ಮಾಡಿದಾಗ ಆತ ಗಾಬರಿಯಾಗಿ ಅತ್ತೇಬಿಟ್ಟನಂತೆ. ಆದ್ದರಿಂದ ಜೆರಾಕ್ಸ್ ನಂಬಬೇಡಿ. ಅಸಲಿ ಕಾರ್ಡ್ ತೋರಿಸಲು ಹೇಳಿ, ಅದರ ಮೇಲಿನ ಕ್ಯೂಆರ್ ಕೋಡನ್ನು ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿ. ಈಗಿನ ಕಾರ್ಡುಗಳ ಕೋಡಿನೊಳಗೆ ಹೆಸರು, ವಿಳಾಸದ ಜೊತೆ ಫೋಟೊನೂ ಇರುತ್ತದೆ. ಕಾರ್ಡಿನ ಮೇಲೆ ಯಾರ ಮುಖ ಅಂಟಿಸಿದ್ದರೂ ಅಲ್ಲಿ ಅಸಲಿ ಮುಖವೇ ಬರುತ್ತದೆ.

ಈಗ ಠಾಣೆಯ ಕಥೆ. "ನೀವೇ ಕೈಯಾರೆ ಕೊಟ್ಟೀರಲ್ರಿ, ಕಳವು ಹೆಂಗಾಗತೈತಿ?" ಅಂದರು. ಮಾತು ಒರಟಾಗಿದ್ದರೂ ಸುಳ್ಳಲ್ಲ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಸೆಕ್ಷನ್, ನಂಬಿಕೆ ದ್ರೋಹಕ್ಕೆ 316, ವಂಚನೆಗೆ 318. ನಮ್ಮಂಥ ಪ್ರಕರಣ ಬರುವುದು ಕೊನೆಯ ಎರಡರಲ್ಲಿ. ದೂರಿನಲ್ಲಿ ಸುಮ್ನೆ "ಕಳುವಾಗಿದೆ" ಅಂತ ಬರೆದುಕೊಟ್ಟರೆ ಅಲ್ಲೇ ಎಳೆದಾಟ ಶುರು. ಸುಳ್ಳು ದಾಖಲೆ ಕೊಟ್ಟು ಬಾಡಿಗೆಗೆ ಪಡೆದು ಮೋಸ ಮಾಡಿದ್ದಾನೆ ಅಂತಲೇ ಬರೆಯಿರಿ. "ಅವ ರಾಯಚೂರಿನವ ಅಂದ್ರ ರಾಯಚೂರಿಗೇ ಹೋಗ್ರಿ" ಅಂತ ಸಾಗಹಾಕಲೂ ನೋಡಿದರು. ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ದೂರು ತಗೊಳ್ಳಬೇಕು ಅಂತ ಪೊಲೀಸರು ನಡೆಯಬೇಕಾದ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲೇ ಇದೆ. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು ಅಂತಲೂ ಇದೆ. ಠಾಣೆಯಲ್ಲಿ ತಗೊಳ್ಳದಿದ್ದರೆ ದೂರನ್ನು ಎಸ್‌ಪಿ ಸಾಹೇಬರಿಗೆ ಅಂಚೆಯಲ್ಲಿ ಕಳಿಸಬಹುದು. ನಮ್ಮ ಕಡೆಯ ವಕೀಲರೊಬ್ಬರು ಇಷ್ಟು ಹೇಳಿಕೊಟ್ಟ ಮೇಲೆ ಕೆಲಸ ಮುಂದೆ ಹೋಯಿತು. ಅವನು ಬಾಡಿಗೆ ಹಾಕಿದ ಯುಪಿಐ ವ್ಯವಹಾರದ ನಂಬರನ್ನೂ ದೂರಿನಲ್ಲಿ ಸೇರಿಸಿ. ಸಿಮ್ ಯಾರ ಹೆಸರಲ್ಲಿದ್ದರೂ ದುಡ್ಡು ಯಾವುದೋ ಒಂದು ಖಾತೆಯಿಂದಲೇ ಬಂದಿರುತ್ತದೆ.

ವಿಮೆ ಇದೆ ಅಂತ ಧೈರ್ಯವಾಗಿದ್ದೆ. ಪಾಲಿಸಿ ತೆಗೆದು ನೋಡಿದರೆ ಕಳವು, ಬೆಂಕಿಗೆ ದುಡ್ಡು ಬರುತ್ತದೆ, ನಾವೇ ನಂಬಿ ಕೊಟ್ಟಿದ್ದನ್ನು ಪಡೆದವನು ಎತ್ತಿಕೊಂಡು ಹೋದರೆ ಇಲ್ಲ. ಇದು ಒಳಗಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಪಾಲಿಸಿ ಮಾರುವಾಗ ಇದನ್ನು ಯಾಕೆ ಹೇಳಲ್ಲ? ನಿಮ್ಮದನ್ನು ಇವತ್ತೇ ತೆಗೆದು ನೋಡಿ.

ಬಾಡಿಯ ಮೇಲಿರುವ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ಡಬ್ಬದ ಮೇಲೂ ಇರುತ್ತದೆ, ಹುಡುಕಿ ಇಟ್ಟುಕೊಳ್ಳಿ. ಬಿಲ್ ಕಳೆದಿದ್ದರೆ ಹಳೆಯ ಮದುವೆ ಫೋಟೊಗಳ ಮೂಲ ಫೈಲ್ ತೆರೆಯಿರಿ. ನಿಕಾನ್, ಕ್ಯಾನನ್‌ನಲ್ಲಿ ಬಾಡಿಯ ನಂಬರ್ ಫೋಟೊದ ಎಕ್ಸಿಫ್ ಮಾಹಿತಿಯೊಳಗೇ (ಕ್ಯಾಮೆರಾ ತಾನೇ ಫೈಲಿನಲ್ಲಿ ಬರೆದಿಡುವ ವಿವರ) ಸೇರಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದ್ದರಲ್ಲಿ ಅದು ಉಳಿಯಲ್ಲ.

ಈಗ ನಾನು ದೊಡ್ಡ ಸೆಟ್ಟನ್ನು ಒಂಟಿಯಾಗಿ ಕಳಿಸಲ್ಲ, ಜೊತೆಗೆ ನಮ್ಮ ಹುಡುಗ ಹೋಗುತ್ತಾನೆ. ಅವನ ದಿನದ ಕೂಲಿ ಗಿರಾಕಿಯದೇ. "ಜಾಸ್ತಿ ಆಯ್ತು, 5 ಸಾವಿರ ಅಡ್ವಾನ್ಸ್ ಇಡ್ತೀನಿ, ಸಾಕಲ್ರಿ" ಅಂತ ಕೆಲವರು ಮುನಿಸಿಕೊಳ್ಳುತ್ತಾರೆ. ಮೋಸಗಾರನ ಲೆಕ್ಕದಲ್ಲಿ ಆ 5 ಸಾವಿರವೇ ಖರೀದಿ ಬೆಲೆ. ಮುನಿಸಿಕೊಂಡವರು ಬೇರೆ ಕಡೆ ಹೋಗಲಿ.

ಇನ್ನೊಂದು ವಿಷಯ. ಬಳ್ಳಾರಿ, ರಾಯಚೂರು, ಹುಬ್ಬಳ್ಳಿ ಕಡೆ ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವವರೇ, ಡಬ್ಬ, ಬಿಲ್ ಇಲ್ಲದ ಝಡ್ 6 ಟು ಬಂದರೆ ಬಲಗಡೆ ಗ್ರಿಪ್ಪಿನ ರಬ್ಬರ್ ನೋಡಿ. ಅದು ಎದ್ದಿದ್ದಾಗ ನಾನು ಸೈಕಲ್ ಪಂಕ್ಚರ್ ಸಲ್ಯೂಷನ್ ಹಾಕಿ ಅಂಟಿಸಿದ್ದೆ, ಅಂಚಿನಲ್ಲಿ ಹಳದಿ ಕಲೆ ಉಳಿದಿದೆ. 70-200 ಲೆನ್ಸಿನ ಮುಂದೆ ಹಾಕುವ ಹುಡ್ ಒಂದು ಕಡೆ ಸೀಳಿದೆ. ಕಂಡರೆ ಬೆಲೆ ಚೌಕಾಸಿ ಮಾಡುತ್ತಾ ಮಾರಲು ತಂದವನನ್ನು ಕೂರಿಸಿಕೊಂಡು 112ಕ್ಕೆ ಫೋನ್ ಮಾಡಿ.