ಬಚ್ಚಲಿನ ಫ್ಯಾನು, 12 ವೋಲ್ಟಿನ ದೀಪ: ಒಂದು ಸ್ವಿಚ್ಚೋ, ಎರಡೋ, ಟೈಮರ್ರೋ?

ತೀರ್ಥಹಳ್ಳಿ ಕಡೆಯ ಮನೆ ನಮ್ಮದು. ಮಳೆಗಾಲದಲ್ಲಿ ಬಚ್ಚಲಿನ ಟವೆಲ್ಲೂ ಒಣಗುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಅದಕ್ಕೇ ಆರು ಇಂಚಿನ ಎಕ್ಸಾಸ್ಟ್ ಫ್ಯಾನು ಹಾಕಿಸಿದೆ. ನೀರು ಸಿಡಿಯುವ ಜಾಗ ಅಂತ ದೀಪ ಮಾತ್ರ 12 ವೋಲ್ಟಿನ ಎಲ್‌ಇಡಿ. ಇವೆರಡನ್ನೂ ಮೂರು ಥರ ಜೋಡಿಸಿ ನೋಡಿದ್ದಾಯ್ತು.

ಮೊದಲು ಒಂದೇ ಸ್ವಿಚ್. ಅಗ್ಗ, ಅರ್ಧ ಗಂಟೆಯ ಕೆಲಸ. ಸ್ವಿಚ್ಚಿನಿಂದ ಬಂದ ಫೇಸ್, ಅಂದರೆ ಕರೆಂಟ್ ತರುವ ವೈರು, ಫ್ಯಾನಿಗೂ ದೀಪದ ಡ್ರೈವರ್‌ಗೂ (230 ವೋಲ್ಟನ್ನು 12ಕ್ಕೆ ಇಳಿಸುವ ಡಬ್ಬಿ) ಪ್ಯಾರಲಲ್ ಆಗಿ, ಅಂದರೆ ಕವಲೊಡೆದು ಎರಡಕ್ಕೂ ಬೇರೆ ಬೇರೆಯಾಗಿ, ಹೋಗುತ್ತದೆ. ಫ್ಯಾನು 230 ವೋಲ್ಟಿನದು. ಹಾಗಾಗಿ ಅದನ್ನು ಡ್ರೈವರ್‌ನ ಇನ್‌ಪುಟ್ ಕಡೆಯೇ ಸೇರಿಸಬೇಕು. ನಮ್ಮಲ್ಲಿಗೆ ಬಂದಿದ್ದ ಹುಡುಗ ಅದನ್ನು 12 ವೋಲ್ಟಿನ ಕಡೆಗೆ ಸಿಕ್ಕಿಸಲು ಹೊರಟಿದ್ದ, ಸದ್ಯ ನೋಡಿದೆ! ಆದರೆ ಸ್ನಾನ ಮುಗಿಸಿ ದೀಪ ಆರಿಸಿದರೆ ಫ್ಯಾನೂ ನಿಲ್ಲುತ್ತಿತ್ತು. ಹಬೆ ತುಂಬಿರುವುದೇ ಆಗ ಅಲ್ವಾ? ರಾತ್ರಿ ಎರಡು ಗಂಟೆಗೆ ಎದ್ದವರಿಗೆ ಗುರ್ ಸದ್ದು ಬೇರೆ. ಮರುವರ್ಷ ಮೂಲೆಯಲ್ಲಿ ಕಪ್ಪು ಬೂಷ್ಟು ಬಂತು.

ಆಮೇಲೆ ಎರಡು ಸ್ವಿಚ್. ವೈರಿಂಗಿನಲ್ಲಿ ತಪ್ಪೇನಿಲ್ಲ, ತಪ್ಪು ನಮ್ಮದೇ. ಒಬ್ಬರು ಫ್ಯಾನು ಹಾಕುವುದನ್ನೇ ಮರೆಯುತ್ತಾರೆ, ಇನ್ನೊಬ್ಬರು ಆರಿಸುವುದನ್ನು.

ಕೊನೆಗೆ ಟೈಮರ್ ಇರುವ ಫ್ಯಾನು. ನನ್ನ ಮತ ಇದಕ್ಕೇ. ದೀಪ ಆರಿದ ಮೇಲೂ 15 ನಿಮಿಷ ತಿರುಗಿ ತಾನೇ ನಿಲ್ಲುತ್ತದೆ. ಹಾಗೆ ತಿರುಗಲು ಸ್ವಿಚ್ಚಿನ ಫೇಸ್ ಸಾಲದು, ಸದಾ ಕರೆಂಟ್ ಇರುವ ಇನ್ನೊಂದು ಫೇಸ್ ವೈರು ಬೇಕು, ಜೊತೆಗೆ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ವೈರು. ಹಳೆಯ ಪೈಪಿನಲ್ಲಿ ಮೂರನೇ ವೈರು ಎಳೆಯಲು ಅರ್ಧ ದಿನ ಹಿಡಿಯಿತು. ಆಗಲೇ ಇನ್ನೊಂದು ಗುಟ್ಟು ಬಯಲಾಯಿತು. ಆಫ್ ಮಾಡಿದರೂ ದೀಪ ಮಿಣಮಿಣ ಅನ್ನುತ್ತಿತ್ತು. ನೋಡಿದರೆ ಸ್ವಿಚ್ಚು ಕೂತಿದ್ದದ್ದು ನ್ಯೂಟ್ರಲ್ ಮೇಲೆ! ಅಂದರೆ ಆಫ್ ಮಾಡಿದರೂ ಡ್ರೈವರ್‌ವರೆಗೆ ಫೇಸ್ ಇದ್ದೇ ಇತ್ತು. ಫೇಸ್‌ಗೆ ಬದಲಿಸಿದ ಮೇಲೆ ಮಿಣುಕು ನಿಂತಿತು. ಬೋರ್ಡಿನ ಎಂಸಿಬಿ (ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಇಟ್ಟು ನೋಡದೆ ಮಾತ್ರ ಯಾವ ವೈರೂ ಮುಟ್ಟಬೇಡಿ. ಬಚ್ಚಲಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು.

ಡ್ರೈವರನ್ನು ಬಚ್ಚಲಿನ ಹೊರಗೆ, ಒಣ ಅಟ್ಟದಲ್ಲಿ ಇಟ್ಟಿದ್ದೇವೆ.

ಇಷ್ಟಾದರೂ ಮೊದಲ ದಿನ ಹಬೆ ಹೋಗಲಿಲ್ಲ. ನೋಟ್‌ಬುಕ್ಕಿನ ಹಾಳೆಯನ್ನು ಫ್ಯಾನಿನ ಜಾಲರಿಗೆ ಹಿಡಿದೆ, ಸುಮ್ನೆ ಜಾರಿ ಬಿತ್ತು. ಬಾಗಿಲು ಸ್ವಲ್ಪ ತೆರೆದು ಹಿಡಿದೆ, ಪಟ್ ಅಂತ ಅಂಟಿಕೊಂಡಿತು. ಒಳಗೆ ಗಾಳಿ ಬರಲು ದಾರಿಯೇ ಇರಲಿಲ್ಲ. ಬಡಗಿಯನ್ನು ಕರೆಸಿ ಬಾಗಿಲಿನ ಕೆಳಗೆ ಬೆರಳಗಲ ಕೊಯ್ಸಿದೆವು.